ಇಂಗ್ಲಿಷ್ ಪದದ ಮೂಲ ಹುಡುಕುದು ಹೇಗೆ? ಜ್ಯಾಕ್‌ಫ್ರೂಟಿಂದ ಶುರು ಮಾಡುವ

ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಆಗಾಗ ಒಂದು ಫಾರ್ವರ್ಡ್ ಬರ್ತದೆ, ನೋಡಿರ್ತೀರಿ. ನ್ಯಾವಿಗೇಶನ್ ಅಂದ್ರೆ ಸಂಸ್ಕೃತದ ನಾವಗತಿ, ಕ್ಯಾಶ್ ಅಂದ್ರೆ ನಮ್ಮ ಕಾಸು, ಎಯ್ಟ್ ಅಂದ್ರೆ ಎಂಟು, ರೈಸ್ ಅಂದ್ರೆ ತಮಿಳಿನ ಅರಿಸಿ, ಎಲ್ಲ ಇಲ್ಲಿಂದಲೇ ಹೋದದ್ದು ಅಂತ. ಕೆಳಗೆ ಹತ್ತು ಜನ ಕೈ ಮುಗಿದ ಇಮೋಜಿ ಹಾಕಿರ್ತಾರೆ. ಇದ್ರಲ್ಲಿ ಯಾವುದು ನಿಜ, ಯಾವುದು ಪೊಕ್ಕಡೆ ಅಂತ ಮನೆಯಲ್ಲೇ ಕೂತು ಚೆಕ್ ಮಾಡ್ಲಿಕ್ಕೆ ಆಗ್ತದೆ ಮಾರಾಯ್ರೆ, ಭಾಷಾಶಾಸ್ತ್ರದ ಡಿಗ್ರಿ ಎಲ್ಲ ಬೇಡ. ಒಂದು ಮೊಬೈಲು, ಎರಡು ಮೂರು ಒಳ್ಳೆ ಡಿಕ್ಷನರಿ, ಸ್ವಲ್ಪ ಸಂಶಯಬುದ್ಧಿ ಇದ್ರೆ ಸಾಕು. ಮಂಗಳೂರು ಉಡುಪಿ ಕಡೆಯವರಿಗೆ ಇನ್ನೊಂದು ಲಾಭ ಉಂಟು: ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಪಕ್ಕದ ಸೀಟಲ್ಲಿ ಮಲಯಾಳ, ಹೀಗೆ ಒಂದೇ ವಸ್ತುವಿಗೆ ನಾಲ್ಕು ಹೆಸರು ಕೇಳಿ ಬೆಳೆದವರು ನಾವು, ಈ ಕೆಲಸಕ್ಕೆ ಅದೇ ದೊಡ್ಡ ಬಂಡವಾಳ.

ಮೊದಲು ಯಾವ ಪದ ಅಂತ ಸರಿಯಾಗಿ ಹಿಡೀಬೇಕು. ಇದು ಕೇಳ್ಲಿಕ್ಕೆ ಎಂತ ದೊಡ್ಡ ವಿಷಯ ಅನ್ನಿಸ್ತದೆ, ಆದ್ರೆ ಅರ್ಧಕ್ಕರ್ಧ ಜನ ಜಾರುದೇ ಇಲ್ಲಿ. ಜ್ಯಾಕ್ ತೆಗೊಳ್ಳಿ. ಕಾರು ಎತ್ತುವ ಜ್ಯಾಕ್ ಉಂಟು, ಇಸ್ಪೀಟಿನ ಜ್ಯಾಕ್ ಉಂಟು, ಮನುಷ್ಯರ ಹೆಸರು ಜ್ಯಾಕ್ ಉಂಟು, ಈ ಮೂರೂ ಒಂದೇ ಗುಂಪು, ಹೆಸರಿಂದಲೇ ಹುಟ್ಟಿದ್ದು. ಜ್ಯಾಕೆಟ್ ಕೂಡ ಫ್ರೆಂಚಿನ ಝಾಕ್ ಅನ್ನೋ ಹೆಸರಿನ ಸಂಬಂಧದ್ದೇ. ಆದ್ರೆ ಜ್ಯಾಕಲ್ ಅಂದ್ರೆ ನರಿ, ಅದು ಪರ್ಶಿಯನ್ನಿನ ಶಗಾಲ್, ಟರ್ಕಿ ಮೇಲಿಂದ ಯುರೋಪಿಗೆ ಹೋದದ್ದು, ಸಂಸ್ಕೃತದ ಶೃಗಾಲದ ಬಳಗ. ಜ್ಯಾಕ್‌ಫ್ರೂಟಿನ ಜ್ಯಾಕ್ ಮತ್ತೊಂದೇ. ಸ್ಪೆಲ್ಲಿಂಗ್ ಒಂದೇ ಅಂತ ಎಲ್ಲವನ್ನೂ ಒಂದೇ ಮನೆಗೆ ಸೇರಿಸ್ಲಿಕ್ಕೆ ಹೋಗ್ಬೇಡಿ. ಡಿಕ್ಷನರಿಯಲ್ಲಿ ಪದದ ಪಕ್ಕ ಸಣ್ಣ 1, 2, 3 ನಂಬರ್ ಇದ್ರೆ ಅರ್ಥ ಅದೇ: ನೋಡ್ಲಿಕ್ಕೆ ಒಂದೇ, ಹುಟ್ಟು ಬೇರೆ ಬೇರೆ.

ಆಮೇಲೆ ಪುಸ್ತಕ. ಫೋನಲ್ಲಿ ಫ್ರೀ ಸಿಗುವುದರಲ್ಲಿ ಮೊದಲು ಎಟಿಮಾನ್‌ಲೈನ್ ನೋಡಿ, ಡಗ್ಲಸ್ ಹಾರ್ಪರ್ ಅನ್ನುವವರು ಒಬ್ಬರೇ ಕೂತು ಶುರು ಮಾಡಿದ ಸೈಟು, ಚಿಕ್ಕದಾಗಿ ಚೊಕ್ಕದಾಗಿ ಹೇಳ್ತದೆ. ವಿಕ್ಷನರಿ ಕೂಡ ಒಳ್ಳೇದೇ, ಆದ್ರೆ ಯಾರು ಬೇಕಾದ್ರೂ ತಿದ್ದಬಹುದು ಅನ್ನುದು ನೆನಪಿರ್ಲಿ. ದೊಡ್ಡಣ್ಣ ಅಂದ್ರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ, 1884ರಲ್ಲಿ ಮೊದಲ ಕಂತು ಬಂದು 1928ಕ್ಕೆ ಮೊದಲ ಆವೃತ್ತಿ ಮುಗಿದದ್ದು, ಪ್ರತಿ ಪದಕ್ಕೂ ಹಳೇ ವಾಕ್ಯಗಳನ್ನು ಇಸವಿ ಸಮೇತ ಕೊಡ್ತದೆ, ಅದಕ್ಕೆ ದುಡ್ಡು ಕೊಡ್ಬೇಕು, ಕಾಲೇಜ್ ಲೈಬ್ರೆರಿಯಲ್ಲಿ ಇದ್ರೆ ನಿಮ್ಮ ಪುಣ್ಯ.

ಆದ್ರೆ ಇಂಡಿಯಾದಿಂದ ಹೋದ ಪದ ಅಂತ ಡೌಟ್ ಬಂದ್ರೆ ಸೀದಾ ಹಾಬ್ಸನ್-ಜಾಬ್ಸನ್ ತೆಗೀಬೇಕು. ಹೆಸರು ವಿಚಿತ್ರ, ಸರಕು ಚಿನ್ನ. ಇಂಡಿಯಾದಲ್ಲಿದ್ದ ಇಂಗ್ಲಿಷರು ಬಳಸ್ತಿದ್ದ ಪದಗಳ ಡಿಕ್ಷನರಿ ಇದು, ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸೇರಿ ಮಾಡಿದ್ದು, 1886ರಲ್ಲಿ ಪ್ರಿಂಟ್ ಆಯ್ತು. ಈ ಬರ್ನೆಲ್ ಯಾರು ಗೊತ್ತುಂಟಾ? 1870ರ ದಶಕದಲ್ಲಿ ನಮ್ಮ ಮಂಗಳೂರಲ್ಲೇ ಜಡ್ಜ್ ಆಗಿದ್ದವರು. ಭೂತಾರಾಧನೆಯ ಪಾಡ್ದನ, ಅಂದ್ರೆ ತುಳುವಿನ ಹಾಡುಕತೆಗಳನ್ನು ಸಂಗ್ರಹಿಸಿದ್ದು, ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಬರೆದು 1874ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಲ್ಲೇ ಅಚ್ಚು ಹಾಕಿಸಿದ್ದು ಎಲ್ಲ ಇವರೇ. 1882ರಲ್ಲಿ ತೀರಿಹೋದ್ರು, ಹಾಬ್ಸನ್-ಜಾಬ್ಸನ್ ಪುಸ್ತಕ ಆಗಿದ್ದನ್ನು ನೋಡ್ಲಿಲ್ಲ ಪಾಪ. ಶಿಕಾಗೋ ಯೂನಿವರ್ಸಿಟಿಯ ಸೈಟಲ್ಲಿ ಈ ಪುಸ್ತಕ ಪೂರ್ತಿ ಉಂಟು, ಸರ್ಚ್ ಮಾಡ್ಲಿಕ್ಕೂ ಆಗ್ತದೆ. ದ್ರಾವಿಡ ಭಾಷೆಗಳಿಗೆ ಟಿ. ಬರೋ ಮತ್ತು ಎಂ.ಬಿ. ಎಮೆನೋ ಅನ್ನುವವರ ದ್ರಾವಿಡ ನಿಷ್ಪತ್ತಿ ಕೋಶ, ಅಂದ್ರೆ ಪದಮೂಲದ ಡಿಕ್ಷನರಿ, 1984ರ ಎರಡನೇ ಆವೃತ್ತಿ, ಅದೂ ಅದೇ ಸೈಟಲ್ಲಿ. ಕನ್ನಡಕ್ಕೆ 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟ್ಟೆಲ್, ತುಳುವಿಗೆ 1886ರ ಮ್ಯಾನರ್, ಇನ್ನೂ ಆಳಕ್ಕೆ ಇಳೀಬೇಕಂದ್ರೆ ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನಾ ಕೇಂದ್ರ ತಂದ ಆರು ಸಂಪುಟದ ತುಳು ನಿಘಂಟು. ಅದ್ರಲ್ಲಿ ಒಂದೇ ಪದಕ್ಕೆ ಬೇರೆ ಬೇರೆ ಊರಿನ, ಸಮುದಾಯದ ರೂಪ ಎಲ್ಲ ಕೊಟ್ಟಿರುದು ನೋಡಿದ್ರೆ ಹುಚ್ಚು ಹಿಡೀತದೆ, ಒಂದು ಪದಕ್ಕೆ ಅಂತ ತೆಗೆದು ಮಧ್ಯಾಹ್ನದ ಊಟ ಮರೆತುಹೋಗುದು ಗ್ಯಾರಂಟಿ.

ಈಗ ಜ್ಯಾಕ್‌ಫ್ರೂಟ್. ನಿಯಮ ಏನಂದ್ರೆ ಇವತ್ತಿನ ರೂಪದಿಂದ ಹಿಂದೆ ಹಿಂದೆ ಒಂದೊಂದೇ ಹೆಜ್ಜೆ ಹೋಗ್ಬೇಕು, ಹಾರಬಾರ್ದು. ಇಂಗ್ಲಿಷಿನ ಜ್ಯಾಕ್‌ನ ಹಿಂದೆ ಪೋರ್ಚುಗೀಸಿನ ಜಾಕ ಸಿಗ್ತದೆ. ಅದರ ಹಿಂದೆ ಮಲಯಾಳದ ಚಕ್ಕ. ಕಾಸರಗೋಡು ಕಡೆ ನೆಂಟರಿದ್ದವರಿಗೆ ಇಲ್ಲೇ ಬಲ್ಬ್ ಹೊತ್ತಿರ್ತದೆ. ಆದ್ರೆ ಅಷ್ಟಕ್ಕೆ ಖುಷಿ ಪಡ್ಬೇಡಿ, ಸಾಕ್ಷಿ ಬೇಕು. 14ನೇ ಶತಮಾನದಲ್ಲಿ ಕೇರಳ ತೀರಕ್ಕೆ ಬಂದಿದ್ದ ಜೋರ್ಡಾನಸ್ ಅನ್ನೋ ಪಾದ್ರಿ ಲ್ಯಾಟಿನ್ನಲ್ಲಿ ಬರೀವಾಗ ಈ ಹಣ್ಣಿಗೆ ಚಾಕಿ ಅಂತ ಬರೆದ. 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾ ಅನ್ನೋ ವೈದ್ಯರ ಪುಸ್ತಕದಲ್ಲಿ ಹಲಸಿನ ವರ್ಣನೆಯೇ ಉಂಟು, ಬೀಜ ಸುಟ್ಟು ತಿಂದ್ರೆ ಯುರೋಪಿನ ಚೆಸ್ಟ್‌ನಟ್ ಹಾಗೇ ಇರ್ತದೆ ಅಂತ ಮಾತು ಬರ್ತದೆ. ಅಂದ್ರೆ ಇಸವಿ ಸರಿ ಕೂತಿತು, ಜಾಗ ಸರಿ ಕೂತಿತು, ವಸ್ತು ಸರಿ ಕೂತಿತು.

ಇಲ್ಲಿ ಒಂದು ಪ್ರಶ್ನೆ ಕೇಳ್ಲೇಬೇಕು: ನಮ್ಮ ಹಲಸು ಅಥವಾ ತುಳುವಿನ ಪೆಲಕಾಯಿ ಯಾಕೆ ಹೋಗ್ಲಿಲ್ಲ, ಚಕ್ಕವೇ ಯಾಕೆ ಹೋಯ್ತು? ಯಾಕಂದ್ರೆ ಪದ ಹೋಗುದು ವ್ಯಾಪಾರದ ದಾರಿಯಲ್ಲಿ. ವಾಸ್ಕೋ ಡ ಗಾಮಾ 1498ರಲ್ಲಿ ಬಂದದ್ದು ಕಲ್ಲಿಕೋಟೆ ಕಡೆಗೆ, ಆಮೇಲೆ ಪೋರ್ಚುಗೀಸರು ಮೊದಲು ಬೇರು ಬಿಟ್ಟದ್ದು ಕೊಚ್ಚಿಯಲ್ಲಿ, ಮಂಗಳೂರಲ್ಲಿ ಅವರ ಕೋಟೆ ಎದ್ದದ್ದು 1568ರಲ್ಲಿ, ಅಷ್ಟೊತ್ತಿಗೆ ಅವರ ಬಾಯಲ್ಲಿ ಮಲಯಾಳದ ಹೆಸರುಗಳು ಗಟ್ಟಿ ಕೂತಾಗಿತ್ತು. ಅಡಿಕೆಗೆ ಅರೆಕ, ವೀಳ್ಯದೆಲೆಗೆ ಬೀಟಲ್, ತೆಂಗಿನ ನಾರಿಗೆ ಕಾಯರ್, ಕೊಬ್ಬರಿಗೆ ಕೊಪ್ರ, ತೇಗಕ್ಕೆ ಟೀಕ್, ಇದೆಲ್ಲ ಮಲಯಾಳದಿಂದಲೇ ಹೋದ ಸಾಲು: ಅಡಯ್ಕ, ವೆಟ್ಟಿಲ, ಕಯರ್, ಕೊಪ್ಪರ, ತೇಕ್ಕ್. ನಮ್ಮ ಅಡಿಕೆ ಅವರ ಅಡಯ್ಕದ ಸ್ವಂತ ತಮ್ಮನೇ, ಆದ್ರೆ ಹಡಗು ಹತ್ತಿದ್ದು ಅದು, ಇದಲ್ಲ. ಇಲ್ಲಿಂದ ಹತ್ತಿದ್ರೆ ಇವತ್ತು ಲಂಡನ್ನಿನ ಸೂಪರ್ ಮಾರ್ಕೆಟಲ್ಲಿ ವೀಗನ್ ಜನ ಗುಜ್ಜೆ (ನಮ್ಮ ಕಡೆ ಎಳೆ ಹಲಸಿಗೆ ಹೇಳುದು) ಬರ್ಗರ್ ಅಂತ ಕೇಳ್ತಿದ್ರು.

ಹಾಗಂತ ಪೋರ್ಚುಗೀಸ್ ಮೇಲಿಂದ ಬಂದದ್ದೆಲ್ಲ ನಮ್ಮದಲ್ಲ, ಅದೂ ಗೊತ್ತಿರ್ಲಿ. ಕ್ಯಾಶ್ಯೂ ಅನ್ನುದು ಬ್ರೆಜಿಲಿನ ಟುಪಿ ಭಾಷೆಯ ಅಕಾಜು, ಮರವೂ ಅಲ್ಲಿಂದಲೇ ಬಂದದ್ದು. ಕೊಂಕಣಿಯವರು ಕಾಜು ಅಂದದ್ದು ಕೇಳಿ ಇಂಗ್ಲಿಷಿಗೆ ಕೊಂಕಣಿ ಕೊಟ್ಟದ್ದು ಅಂದ್ರೆ ಗಾಡಿ ರಾಂಗ್ ಸೈಡಲ್ಲಿ ಹೋದ ಹಾಗೆ. ಗಿಡ ಎಲ್ಲಿಯದ್ದು ಅಂತ ನೋಡುದು ಒಳ್ಳೆ ಚೆಕ್.

ಈಗ ಕ್ಯಾಶ್. ನನಗೆ ಭಾರೀ ಇಷ್ಟದ ಪದ ಇದು, ಯಾಕಂದ್ರೆ ಫಾರ್ವರ್ಡ್ ಮಾಡುವವರೂ ಸರಿ, ಬೈಯುವವರೂ ಸರಿ. ಇಂಗ್ಲಿಷಲ್ಲಿ ಕ್ಯಾಶ್ ಎರಡು ಉಂಟು. ಒಂದು ನಾವು ದಿನಾ ಹೇಳುವ ನಗದು ಹಣ, ಅದು ಫ್ರೆಂಚಿನ ಕೆಸ್, ಇಟಾಲಿಯನ್ನಿನ ಕಾಸ್ಸ, ಲ್ಯಾಟಿನ್ನಿನ ಕಾಪ್ಸ, ಮೂಲ ಅರ್ಥ ಪೆಟ್ಟಿಗೆ, ದುಡ್ಡಿನ ಪೆಟ್ಟಿಗೆ ಅಂತಾಗಿ ಕೊನೆಗೆ ಪೆಟ್ಟಿಗೆಯೊಳಗಿನ ದುಡ್ಡೇ ಆಯ್ತು. ಇಂಗ್ಲಿಷಿನ ಕೇಸ್ ಅಂದ್ರೆ ಡಬ್ಬಿ, ಅದೂ ಇದೇ ಕಾಪ್ಸದ್ದು. ಇನ್ನೊಂದು ಕ್ಯಾಶ್ ಅಂದ್ರೆ ಪೂರ್ವ ದೇಶದ ಚಿಲ್ಲರೆ ನಾಣ್ಯ, ಚೀನಾದ ತೂತಿನ ನಾಣ್ಯಕ್ಕೂ ಅದೇ ಹೆಸರು, ಅದು ತಮಿಳಿನ ಕಾಸು, ಪೋರ್ಚುಗೀಸಿನ ಕೈಶ ಆಗಿ ಇಂಗ್ಲಿಷಿಗೆ ಹೋದದ್ದು. ಎರಡೂ ದುಡ್ಡಿಗೆ ಸಂಬಂಧ, ಎರಡೂ ಒಂದೇ ಕಾಲದ ಹತ್ತಿರ ಇಂಗ್ಲಿಷಿಗೆ ಬಂದದ್ದು, ಸ್ಪೆಲ್ಲಿಂಗೂ ಒಂದೇ. ಆದ್ರೆ ನೀವು ಅಂಗಡಿಯಲ್ಲಿ ಕ್ಯಾಶ್ ಕೊಡ್ತೇನೆ, ಗೂಗಲ್ ಪೇ ಇಲ್ಲ ಅನ್ನುವಾಗ ಬರುದು ಲ್ಯಾಟಿನ್ ಪೆಟ್ಟಿಗೆ, ಕಾಸು ಅಲ್ಲ. ಅರ್ಥ ಹಿಡಿದು ಇಸವಿವಾರು ವಾಕ್ಯ ನೋಡದಿದ್ರೆ ಈ ಗಂಟು ಬಿಚ್ಚುದೇ ಇಲ್ಲ.

ಇನ್ನು ಮುಖ್ಯ ಭಾಗಕ್ಕೆ ಬರುವ, ಸ್ವಲ್ಪ ಮಂಡೆಬಿಸಿ ಉಂಟು, ಆದ್ರೆ ಇದು ಗೊತ್ತಾದ್ರೆ ಮುಕ್ಕಾಲು ಫಾರ್ವರ್ಡ್‌ಗಳು ನಿಮ್ಮ ಮುಂದೆ ನಿಲ್ಲುದಿಲ್ಲ. ಕೇಳ್ಲಿಕ್ಕೆ ಒಂದೇ ಥರ ಇರುದು ಸಾಕ್ಷಿ ಅಲ್ಲ. ಧ್ವನಿ ಬದಲಾಗುದಕ್ಕೆ ನಿಯಮ ಇರ್ತದೆ, ಆ ನಿಯಮ ಒಂದು ಪದಕ್ಕಲ್ಲ, ಸಾಲು ಸಾಲು ಪದಗಳಿಗೆ ಅಪ್ಲೈ ಆಗ್ಬೇಕು. ತುಳು ಗೊತ್ತಿದ್ದವರಿಗೆ ಇದನ್ನು ಹೇಳಿಕೊಡ್ಲೇ ಬೇಡ. ಪಿಲಿ ಅಂದ್ರೆ ಹುಲಿ, ಪೂ ಅಂದ್ರೆ ಹೂ, ಪತ್ತ್ ಅಂದ್ರೆ ಹತ್ತು, ಪಂಜಿ ಅಂದ್ರೆ ಹಂದಿ, ಪೆಲ ಅಂದ್ರೆ ಹಲಸು. ತುಳುವಲ್ಲಿ ಪ ಇದ್ದಲ್ಲಿ ಕನ್ನಡದಲ್ಲಿ ಹ. ಹಳಗನ್ನಡದಲ್ಲಿ ಕನ್ನಡಕ್ಕೂ ಪ-ವೇ ಇತ್ತು, ಪುಲಿ, ಪಾಲು ಅಂತಲೇ ಬರೀತಿದ್ರು, ಆಮೇಲೆ ಹ ಆಯ್ತು. ಮಂಗಳೂರು ದಸರಾದಲ್ಲಿ ಪಿಲಿವೇಷ ಅಂದ್ರೂ ಹುಲಿವೇಷ ಅಂದ್ರೂ ಯಾರೂ ಕನ್‌ಫ್ಯೂಸ್ ಆಗುದಿಲ್ಲ, ಆ ನಿಯಮ ತಲೆಯೊಳಗೆ ಕೂತಿರ್ತದೆ.

ಇಂಗ್ಲಿಷಿಗೂ ಅಂಥದ್ದೇ ಒಂದುಂಟು. ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಕ್ರಮವಾಗಿ ಬರೆದಿಟ್ಟದ್ದು, ಮಕ್ಕಳ ಅಜ್ಜಿಕತೆ ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಒಬ್ಬರು ಅವರೇ. ಸಂಸ್ಕೃತ, ಲ್ಯಾಟಿನ್ನಲ್ಲಿ ಪ ಇದ್ದಲ್ಲಿ ಇಂಗ್ಲಿಷಲ್ಲಿ ಫ ಬರ್ತದೆ: ಪಾದ, ಫುಟ್. ಪಿತೃ, ಫಾದರ್. ಪಂಚ, ಫೈವ್. ದ ಇದ್ದಲ್ಲಿ ಟ: ದಂತ, ಟೂತ್. ದಶ, ಟೆನ್. ದ್ವಿ, ಟೂ. ತ ಇದ್ದಲ್ಲಿ ಥ: ತ್ರಿ, ಥ್ರೀ. ಲ್ಯಾಟಿನ್ನಿನ ಕ ಇದ್ದಲ್ಲಿ ಹ, ಸಂಸ್ಕೃತದಲ್ಲಿ ಅದೇ ಜಾಗದಲ್ಲಿ ಶ: ಶತ, ಕೆಂಟುಮ್, ಹಂಡ್ರೆಡ್. ಶ್ವಾನ, ಕಾನಿಸ್, ಹೌಂಡ್. ಮತ್ತೆ ಪೆಡಲ್, ಡೆಂಟಲ್, ಪ್ಯಾಟರ್ನಲ್ ಅಂತ ಇಂಗ್ಲಿಷಲ್ಲೇ ಉಂಟಲ್ಲ ಅಂತ ಕೇಳಿದ್ರೆ, ಅವೆಲ್ಲ ಇಂಗ್ಲಿಷಿನ ಸ್ವಂತದ್ದಲ್ಲ, ಈ ಬದಲಾವಣೆ ಎಲ್ಲ ಮುಗಿದು ಎಷ್ಟೋ ಕಾಲ ಆದಮೇಲೆ ಲ್ಯಾಟಿನ್ನಿಂದ ಎರವಲು ತಂದದ್ದು, ಅದಕ್ಕೇ ಪ, ದ ಹಾಗೇ ಉಳಿದದ್ದು.

ಈ ನಿಯಮದ ಗಮ್ಮತ್ತು ನೋಡಿ. ಇಂಗ್ಲಿಷಿನ ಪಾತ್ ಅಂದ್ರೆ ದಾರಿ, ಸಂಸ್ಕೃತದ ಪಥ ಅಂದ್ರೂ ದಾರಿ. ಕಣ್ಣು ಮುಚ್ಚಿ ಒಂದೇ ಅನ್ನಬಹುದು. ಆದ್ರೆ ಸ್ವಂತ ಸಂಬಂಧಿ ಆಗಿದ್ರೆ ಇಂಗ್ಲಿಷಲ್ಲಿ ಅದು ಫ-ದಿಂದ ಶುರು ಆಗ್ಬೇಕಿತ್ತು! ಪ ಹಾಗೇ ಉಂಟು, ಅಂದ್ರೆ ಏನೋ ಎಡವಟ್ಟು. ಹಾಗಾಗಿ ಇರಾನಿನ ಕಡೆಯ ಯಾವುದೋ ಭಾಷೆಯಿಂದ ಹಳೇ ಕಾಲದಲ್ಲಿ ಜರ್ಮನಿಕ್ ಜನ, ಅಂದ್ರೆ ಇಂಗ್ಲಿಷಿನ ಪೂರ್ವಿಕ ಭಾಷೆ ಆಡ್ತಿದ್ದವರು, ಎರವಲು ತೆಗೊಂಡಿರಬಹುದು ಅಂತ ಕೆಲವು ವಿದ್ವಾಂಸರ ಊಹೆ, ಅದಿನ್ನೂ ತೀರ್ಮಾನ ಆಗಿಲ್ಲ. ಜಾಸ್ತಿ ಹೋಲಿಕೆ ಇದ್ರೆ ಜಾಸ್ತಿ ಸಂಶಯ, ಇಷ್ಟೇ.

ಇನ್ನೊಂದು ಸುಲಭ ಟೆಸ್ಟ್ ಉಂಟು, ನನ್ನ ಪ್ರಕಾರ ಹೊಸಬರಿಗೆ ಇದೇ ಬೆಸ್ಟ್. ಎರಡೂ ಪದಗಳನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ. ನಿಜವಾದ ಸಂಬಂಧ ಇದ್ರೆ ಹಳೇ ರೂಪಗಳು ಹತ್ತಿರ ಬರ್ತವೆ, ಬರೀ ಕಾಕತಾಳೀಯ ಆಗಿದ್ರೆ ದೂರ ಹೋಗ್ತವೆ. ಎಯ್ಟ್ ಮತ್ತು ಎಂಟು ನೋಡಿ, ತಮಿಳಿನ ಎಟ್ಟು ಅಂತೂ ಇನ್ನೂ ಹತ್ತಿರ ಕೇಳ್ತದೆ. ಎಯ್ಟ್‌ನ ಹಳೇ ಇಂಗ್ಲಿಷ್ ರೂಪ ಎಅಹ್ತ, ಲ್ಯಾಟಿನ್ ಓಕ್ಟೋ, ಸಂಸ್ಕೃತ ಅಷ್ಟ. ನಮ್ಮ ಕಡೆ ಕನ್ನಡ ಎಂಟು, ತುಳು ಎಣ್ಮ, ತಮಿಳು ಎಟ್ಟು. ಒಂದು ಕಡೆ ಓಕ್ಟೋ, ಇನ್ನೊಂದು ಕಡೆ ಎಣ್. ಒಂದು ಮತ್ತು ವನ್ ಕೂಡ ಹೀಗೇ: ಆ ಕಡೆ ಹಳೇ ಇಂಗ್ಲಿಷಿನ ಆನ್, ಲ್ಯಾಟಿನ್ ಊನುಸ್, ಈ ಕಡೆ ತುಳುವಿನ ಒಂಜಿ. ವನ್ ಅಂತ ಆರಂಭದಲ್ಲಿ ವ ಸೇರಿಸಿ ಹೇಳುದು ಇಂಗ್ಲಿಷಲ್ಲೇ ತೀರಾ ಆಮೇಲೆ ಶುರು ಆದದ್ದು.

ಡಿಕ್ಷನರಿ ಓದುವಾಗ ಎರಡು ಚಿಹ್ನೆ ನೋಡಿಕೊಳ್ಳಿ. ಪದದ ಮುಂದೆ ನಕ್ಷತ್ರ ಇದ್ರೆ ಆ ರೂಪ ಎಲ್ಲೂ ಬರೆದದ್ದು ಸಿಕ್ಕಿಲ್ಲ, ಮಕ್ಕಳನ್ನು ನೋಡಿ ಅಜ್ಜನ ಮುಖ ಊಹಿಸಿದ ಹಾಗೆ ವಿದ್ವಾಂಸರು ಕಟ್ಟಿದ್ದು ಅಂತ. ಬಾಣದ ಮೊನೆಯ ಗುರುತು ಇದ್ರೆ ಇದು ಅದರಿಂದ ಬಂತು ಅಂತ. ಮತ್ತೆ ಕಾಗ್ನೇಟ್ ಅನ್ನೋ ಶಬ್ದ ಬರ್ತದೆ, ಅಂದ್ರೆ ಒಂದೇ ಮೂಲದ ಬೇರೆ ಬೇರೆ ಕವಲು, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ನ್ಯಾವಿಗೇಶನ್ ಗಲಾಟೆ ಪೂರ್ತಿ ಇದ್ರಲ್ಲೇ ಮುಗೀತದೆ. ಅದು ಲ್ಯಾಟಿನ್ನಿನ ನಾವಿಸ್, ಹಡಗು, ಮತ್ತು ಆಗೆರೆ, ನಡೆಸು, ಸೇರಿ ಆದದ್ದು. ನಾವಿಸ್ ಮತ್ತು ಸಂಸ್ಕೃತದ ನೌ ಕಾಗ್ನೇಟ್ ಹೌದು, ನಮ್ಮ ನಾವೆಯೂ ಅದೇ ಬಳಗ. ಆದ್ರೆ ಗತಿಗೂ ಇದಕ್ಕೂ ಸಂಬಂಧ ಇಲ್ಲ, ಸಂಸ್ಕೃತದಿಂದ ಲ್ಯಾಟಿನ್ನಿಗೆ ಹೋದದ್ದೂ ಅಲ್ಲ. 1786ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಮಾಡಿದ ಪ್ರಸಿದ್ಧ ಭಾಷಣದಲ್ಲೂ ಹೇಳಿದ್ದು ಇದೇ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಯಾವುದೋ ಒಂದೇ ಮೂಲದಿಂದ ಬಂದಿರ್ಬೇಕು, ಆ ಮೂಲ ಈಗ ಇಲ್ಲದೆಯೂ ಇರಬಹುದು ಅಂತ.

ಉದ್ದದ ದಾರಿಯ ಪದ ಬೇಕಾದ್ರೆ ಅಡುಗೆಮನೆಗೆ ಹೋಗಿ. ಶುಗರ್: ಸಂಸ್ಕೃತ ಶರ್ಕರಾ, ಅಂದ್ರೆ ಮೊದಲಿಗೆ ಮರಳಿನ ಕಾಳು, ಪರ್ಶಿಯನ್ ಶಕರ್, ಅರಬ್ಬಿ ಸುಕ್ಕರ್, ಮಧ್ಯಕಾಲದ ಲ್ಯಾಟಿನ್, ಹಳೇ ಫ್ರೆಂಚಿನ ಸುಕ್ರೆ, ಆಮೇಲೆ 13ನೇ ಶತಮಾನದ ಇಂಗ್ಲಿಷ್. ಅದೇ ಶರ್ಕರಾ ದಕ್ಷಿಣ ಭಾರತದ ಬಾಯಲ್ಲಿ ಬದಲಾಗಿ, ಪೋರ್ಚುಗೀಸರ ಮೂಲಕ ಜಾಗರ ಆಗಿ, 16ನೇ ಶತಮಾನದ ಕೊನೆಗೆ ಜ್ಯಾಗರಿ ಅಂತ ಇಂಗ್ಲಿಷಿಗೆ ಎರಡನೇ ಸಲ ಹೋಯ್ತು. ಅಂದ್ರೆ ಡಬ್ಬಿಯೊಳಗಿನ ಸಕ್ಕರೆ ಬೆಲ್ಲ ಎರಡಕ್ಕೂ ಇಂಗ್ಲಿಷಲ್ಲಿ ಒಂದೇ ಮೂಲದ ಪದ, ದಾರಿ ಮಾತ್ರ ಬೇರೆ. ಕ್ಯಾಂಡಿ ನಮ್ಮ ಖಂಡ, ತುಂಡು. ಪೆಪ್ಪರ್ ಅನ್ನುದು ಪಿಪ್ಪಲಿ, ಅಂದ್ರೆ ಹಿಪ್ಪಲಿ, ಹೆಸರು ಒಂದು ಕಾಳಿನಿಂದ ಇನ್ನೊಂದಕ್ಕೆ ಜಾರಿತು. ಜಿಂಜರ್ ಇನ್ನೂ ಮಜಾ. ಗ್ರೀಕ್ ಜಿಂಗಿಬೆರಿಸ್, ಪಾಳಿ ಸಿಂಗಿವೇರ, ಸಂಸ್ಕೃತ ಶೃಂಗವೇರ. ಶೃಂಗ ಅಂದ್ರೆ ಕೊಂಬು, ಶುಂಠಿ ಕೊಂಬಿನ ಹಾಗೆ ಇರ್ತದಲ್ಲ ಅಂತ ಸಂಸ್ಕೃತದಲ್ಲಿ ಅರ್ಥ ಹಚ್ಚಿದ್ರು. ಆದ್ರೆ ತಮಿಳು ಮಲಯಾಳದಲ್ಲಿ ಇಂಜಿ ಅಂದ್ರೇ ಶುಂಠಿ, ವೇರ್ ಅಂದ್ರೆ ಬೇರು, ಹಾಗಾಗಿ ದ್ರಾವಿಡ ಪದವನ್ನೇ ಸಂಸ್ಕೃತದವರು ತಮಗೆ ಅರ್ಥ ಆಗುವ ಹಾಗೆ ತಿರುಗಿಸಿಕೊಂಡದ್ದು ಅಂತ ಹೆಚ್ಚಿನವರು ಒಪ್ತಾರೆ. ಚಂದದ ಅರ್ಥ ಸಿಕ್ಕಿದ ಕೂಡ್ಲೇ ನಂಬಬಾರ್ದು ಅನ್ನುದಕ್ಕೆ ಇದೊಂದು ಸಾಕು. ರೈಸಿಗೂ ಅರಿಸಿಗೂ ಇಂಥದ್ದೇ ಜಗಳ ಉಂಟು. ಗ್ರೀಕಿನ ಓರಿಜ ತನಕ ದಾರಿ ಕ್ಲಿಯರ್, ಅದರ ಹಿಂದೆ ಇರಾನಿನ ಕಡೆಯ ರೂಪ, ಸಂಸ್ಕೃತದ ವ್ರೀಹಿ ಎಲ್ಲ ಬರ್ತದೆ, ಅರಿಸಿಯಿಂದಲೇ ಹೋಯ್ತು ಅನ್ನುದು ಸಾಬೀತಾದ ವಿಷಯ ಅಲ್ಲ. ಗ್ರೂಪಲ್ಲಿ ಇದನ್ನು ಹೇಳಿದ್ರೆ ಚಿಕ್ಕಪ್ಪ ಎರಡು ದಿನ ಮಾತಾಡ್ಲಿಕ್ಕಿಲ್ಲ, ಅದು ಬೇರೆ.

ಅರ್ಥ ಬದಲಾಗುದನ್ನೂ ಗಮನಿಸಿ. ಮಾನ್ಸೂನ್ ಅರಬ್ಬಿಯ ಮೌಸಿಮ್, ಅಂದ್ರೆ ಗೊತ್ತಾದ ಕಾಲ, ಹಿಂದಿಯ ಮೌಸಮ್ ಅದೇ. ಪೋರ್ಚುಗೀಸಿನ ಮೊನ್ಸಾಂವ್ ಆಗಿ ಇಂಗ್ಲಿಷಿಗೆ ಬಂದಾಗ ಅದು ಮಳೆ ಅಲ್ಲ, ಹಡಗು ಹೊರಡಿಸುವ ಗಾಳಿ. ಮಲ್ಪೆ ಬಂದರಲ್ಲಿ ಕೇಳಿದ್ರೆ ಗಾಳಿಗೂ ಮಳೆಗೂ ಇರುವ ನಂಟು ಅವರೇ ಹೇಳ್ತಾರೆ, ಜೂನಲ್ಲಿ ಬೋಟುಗಳೆಲ್ಲ ದಡಕ್ಕೆ ಬರುದು ಯಾಕೆ ಅಂತ. ಇವತ್ತಿನ ಅರ್ಥ ಇಟ್ಟುಕೊಂಡು ಮೂಲ ಹುಡುಕಿದ್ರೆ ಮಳೆ ಅನ್ನೋ ಅರ್ಥದ ಅರಬ್ಬಿ ಪದ ಹುಡುಕಿ ಸುಸ್ತಾಗ್ತೀರಿ.

ಕೆಲವು ಸಲ ಅಕ್ಷರವೇ ಕಳ್ಳತನ ಆಗಿರ್ತದೆ. ಏಪ್ರನ್ ಮೊದಲು ನೇಪ್ರನ್ ಇತ್ತು, ಎ ನೇಪ್ರನ್ ಅನ್ನುದು ಆನ್ ಏಪ್ರನ್ ಅಂತ ಒಡೆದು ನ ಹೋಯ್ತು. ಆರೆಂಜಿಗೂ ನಾರಂಗದ ನ ಹೋದದ್ದು ಹಾಗೇ, ಆದ್ರೆ ಅದು ಇಂಗ್ಲಿಷಿಗೆ ಬರುವ ಮೊದಲೇ ಫ್ರೆಂಚ್, ಇಟಾಲಿಯನ್ ಕಡೆ ಆದದ್ದು.

ಎಷ್ಟು ಹುಡುಕಿದ್ರೂ ಡಾಗ್ ಅನ್ನೋ ಪದದ ಮೂಲ ಗೊತ್ತಿಲ್ಲ ಅಂತಲೇ ಡಿಕ್ಷನರಿ ಹೇಳ್ತದೆ, ಅಂಥಲ್ಲಿ ನಿಲ್ಲಿಸಿ, ನಿಮ್ಮ ಕಡೆಯಿಂದ ಒಂದು ಸೇರಿಸ್ಬೇಡಿ. ಶುರು ಮಾಡ್ಲಿಕ್ಕೆ ಪದ ಬೇಕಾದ್ರೆ ಬ್ಯಾಂಡಿಕೂಟ್ ತೆಗೊಳ್ಳಿ, ಹೆಗ್ಗಣ. ತೆಲುಗಿನ ಪಂದಿಕೊಕ್ಕು ಅಂತ ಬೇಗ ಸಿಗ್ತದೆ. ಅದ್ರಲ್ಲಿ ಪಂದಿ ಯಾವುದು ಅಂತ ಮೇಲೆ ಆಗ್ಲೇ ಹೇಳಿ ಆಗಿದೆ, ಆಸ್ಟ್ರೇಲಿಯಾದ ಪ್ರಾಣಿಗೆ ಆ ಹೆಸರು ಹೇಗೆ ಹೋಯ್ತು ಅನ್ನುದು ನೀವು ಹುಡುಕಿ. ಆಮೇಲೆ ಮಾಂಗೂಸ್, ಅದಕ್ಕೆ ಮರಾಠಿ, ತೆಲುಗು, ಕನ್ನಡ ಮೂರೂ ಕಡೆ ನೋಡ್ಬೇಕು. ಆಮೇಲೆ ಮಲ್ಲಿಗಟಾನಿ ಸೂಪ್, ಹೆಸರಲ್ಲಿ ಮಲ್ಲಿಗೆ ಇಲ್ಲ ಅಂತ ಮಾತ್ರ ಈಗ್ಲೇ ಹೇಳ್ತೇನೆ.